'ಸ್ಟಾಕ್ ಇಲ್ಲ' ಎಂದು ಬರೆದ ಗುರುವಾರ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಯಲಹಂಕದ ಆಚೆ ಸೇನೆಯ ಬಿಡಿಭಾಗಗಳ ಡಿಪೋ ಒಂದರಲ್ಲಿ ನಾನು ಸ್ಟೋರ್ಸ್ ಸೂಪರಿಂಟೆಂಡೆಂಟ್ ಆಗಿದ್ದೆ. ಸಮವಸ್ತ್ರವಿಲ್ಲದ ಸಿವಿಲಿಯನ್ ನೌಕರಿ, ನಿವೃತ್ತಿಗೆ ಎರಡು ವರ್ಷ ಬಾಕಿ. ಸೇನೆ ಎಂದರೆ ಜನರಿಗೆ ಬಂದೂಕು ನೆನಪಾಗುತ್ತದೆ. ಮೂವತ್ತೊಂದು ವರ್ಷ ನಾನು ಕಂಡದ್ದು ವಾಷರು, ಬೆಲ್ಟು, ಫಿಲ್ಟರು. ಪೆಟ್ಟಿಗೆ ಗೇಟು ದಾಟಿದ ಮೇಲೆ ಯಾರ ಕೈ ಸೇರಿತೆಂದು ನಮಗೆ ಕಾಣುವುದಿಲ್ಲ. ಕೆಲವು ವಾರದ ನಂತರ ಯಾರದೋ ಸಹಿಯ ರಸೀತಿ ಬರುತ್ತದೆ, ಅಷ್ಟೇ.

ಕೆಲಸದ ಕ್ರಮ ಸರಳ. ಉತ್ತರದ ಗಡಿಯ ಹಿಮಬೆಟ್ಟದ ಮೇಲಿನ ಕಾವಲು ಪೋಸ್ಟಿಗೆ ಏನು ಬೇಕೆಂದು ಬೆಟ್ಟದ ಬುಡದಲ್ಲಿರುವ ಸರಬರಾಜು ಕೇಂದ್ರ ನಮಗೆ ತಿಳಿಸುತ್ತದೆ. ಇದಕ್ಕೆ ಡಿಮ್ಯಾಂಡ್ ಎನ್ನುತ್ತೇವೆ. ನಾವು ಬಿನ್ ಕಾರ್ಡ್ ನೋಡುತ್ತೇವೆ. ಪ್ರತಿ ಸಾಮಾನಿಗೂ ಒಂದು ಕಾರ್ಡು. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಇದ್ದರೆ ಕಳಿಸುತ್ತೇವೆ. ಇಲ್ಲದಿದ್ದರೆ 'ಸ್ಟಾಕ್ ಇಲ್ಲ' ಎಂದು ಸಹಿ ಹಾಕುತ್ತೇವೆ. ಆ ಸಹಿ ಬಿದ್ದರೆ ಕಂಪನಿಯಿಂದ ಹೊಸದು ಬರಬೇಕು, ಎರಡು ಮೂರು ತಿಂಗಳ ಮಾತು. ನನ್ನ ಕಾರ್ಡುಗಳಲ್ಲಿ ಯಾವ ತಪಾಸಣೆಯಲ್ಲೂ ತಪ್ಪು ಸಿಕ್ಕಿರಲಿಲ್ಲ. ಅದರ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಆ ಕೇಂದ್ರದಿಂದ ಪ್ರತಿ ಗುರುವಾರ ಫೋನು ಮಾಡುತ್ತಿದ್ದವರು ಹವಾಲ್ದಾರ್ ಮುನಿರಾಜು. ಸ್ವಂತ ಊರು ಇಲ್ಲೇ ಯಲಹಂಕದ ಹತ್ತಿರದ ಸಿಂಗಾಪುರ. ಮೂರು ವರ್ಷದ ಪರಿಚಯ, ಆದರೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಡಿಮ್ಯಾಂಡ್ ಓದಿ ಮುಗಿಸಿ, "ಮಳೆ ಬಂತಾ ಮೇಡಂ? ಅವರೆಕಾಯಿ ಬಂದೈತಾ?" ಎಂದು ಶುರು ಮಾಡುತ್ತಿದ್ದರು. "ಸರ್ಕಾರಿ ಲೈನು ಕಣ್ರೀ, ಸಾಮಾನಿನ ಮಾತಾಡಿ" ಎಂದು ನಾನು ಕತ್ತರಿಸುತ್ತಿದ್ದೆ. ಹಿಂದಿನ ವರ್ಷ ಅಮ್ಮ ತೀರಿಕೊಂಡ ಮೇಲೆ ಪುಟ್ಟೇನಹಳ್ಳಿಯ ಮನೆಯಲ್ಲಿ ನನ್ನನ್ನು 'ಊಟ ಆಯ್ತಾ' ಎಂದು ಕೇಳುವವರೂ ಇರಲಿಲ್ಲ. ಆದರೂ ಮಾತಿಗೆ ಬಂದವರನ್ನು ಹೀಗೆ ಅಟ್ಟುವುದು ನನ್ನ ಸ್ವಭಾವ.

ನವೆಂಬರಿನ ಒಂದು ಗುರುವಾರ ಅವರು ಕೇಳಿದ್ದು ಒಂದೇ ಸಾಮಾನು: ಜನರೇಟರಿನ ಡೀಸೆಲ್ ಪಂಪಿಗೆ ಹಾಕುವ ರಬ್ಬರ್ ಡಯಾಫ್ರಂ. ಅಂಗೈಯಷ್ಟಗಲದ ತೆಳು ಬಿಲ್ಲೆ. ಮೇಲಿನ ಪೋಸ್ಟಿನಲ್ಲಿದ್ದದ್ದು ಬಿರುಕು ಬಿಟ್ಟಿತ್ತು. ಜನರೇಟರ್ ನಿಂತರೆ ವೈರ್‌ಲೆಸ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪೋಸ್ಟಿನ ಹದಿನಾಲ್ಕು ಜನರ ಸುದ್ದಿ ಕೆಳಗೆ ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆ ನಮ್ಮಿಂದ ವಿಮಾನವಿತ್ತು. ಕಾರ್ಡು ನೋಡಿದೆ. ಸೊನ್ನೆ.

"ಇಲ್ಲ ಮುನಿರಾಜು."

"ಒಂದ್ಸಲ ಎದ್ದೋಗಿ ಕಣ್ಣಾಕಿ ನೋಡಿ ಮೇಡಂ."

"ನನ್ನ ಕಾರ್ಡಿಗಿಂತ ನಿಮಗೆ ಚೆನ್ನಾಗಿ ಗೊತ್ತಾ?" ಎಂದು ರೇಗಿದೆ.

"ಆಯ್ತು ಬುಡಿ," ಎಂದರು. ನಾನೇ ಫೋನಿಟ್ಟು, ಸಹಿ ಹಾಕಿದೆ.

ಸೋಮವಾರ ಬೇರೇನನ್ನೋ ಹುಡುಕುತ್ತ ಹಿಂದಿನ ಶೆಡ್ಡಿಗೆ ಹೋದವಳು ಮೇಲಿನ ರ್ಯಾಕಿನಲ್ಲಿ ಒಂದು ಪೆಟ್ಟಿಗೆ ಕಂಡೆ. ಒಳಗೆ ನಾಲ್ಕು ಡಯಾಫ್ರಂ. ಕಂಪನಿಯವರು ಪಾರ್ಟ್ ನಂಬರ್ ಬದಲಿಸಿದ್ದರು. ಹಾಗಾದಾಗ ಹಳೆಯ ಕಾರ್ಡಿನ ಕೆಳಗೆ 'ಬದಲಿಗೆ ಈ ನಂಬರ್ ನೋಡಿ' ಎಂದು ಒಂದು ಸಾಲು ಬರೆಯಬೇಕು. ಹೊಸ ಕಾರ್ಡು ನನ್ನದೇ ಅಕ್ಷರದಲ್ಲಿತ್ತು. ಹಳೆಯದರಲ್ಲಿ ಆ ಸಾಲು ಇರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ.

ನನ್ನ ಕೈಕೆಳಗಿನ ಗುಮಾಸ್ತ ಗೋಪಿ ಪಿಸುಗುಟ್ಟಿದ: "ಸುಮ್ನಿರಿ ಮೇಡಂ. ಮುಂದಿನ್ ತಿಂಗ್ಳು ಸ್ಟಾಕ್ ಚೆಕ್ ಇದ್ಯಲ್ಲ, ಆಗ ಸಿಕ್ತು ಅಂತ ತೋರ್ಸಣ. ರಿಟೈರ್ಮೆಂಟ್ ಹತ್ರ ಯಾಕೆ ಬೇಕು?"

ಆಸೆಯಾಯಿತು. ಸುಮಾರು ಹತ್ತು ನಿಮಿಷ ಆ ಪೆಟ್ಟಿಗೆಯ ಮುಂದೆ ಕೂತಿದ್ದೆ. ಒಮ್ಮೆ ಕೊಟ್ಟ 'ಸ್ಟಾಕ್ ಇಲ್ಲ' ರದ್ದಾಗಬೇಕಾದರೆ ತಪ್ಪು ಯಾರದೆಂದು ಬರಹದಲ್ಲಿ ಕೊಡಬೇಕು. ಕೊಟ್ಟೆ. ಅಧಿಕಾರಿ ಎರಡು ಸಲ ಓದಿ, ಪೆಟ್ಟಿಗೆಯನ್ನು ಮಂಗಳವಾರದ ವಿಮಾನಕ್ಕೆ ಹಾಕಿಸಿದರು. ನನ್ನ ಸರ್ವಿಸ್ ಪುಸ್ತಕಕ್ಕೆ ಎಚ್ಚರಿಕೆಯ ಒಂದು ಟಿಪ್ಪಣಿ ಸೇರಿತು.

ಗುರುವಾರ ಫೋನಿನಲ್ಲಿ ಬೇರೆ ದನಿ, ಹಿಂದಿಯಲ್ಲಿ. ಸಾಮಾನು ತಲುಪಿದೆ ಎಂದರು. ಮುನಿರಾಜು ಎಲ್ಲಿ ಎಂದೆ. ಶನಿವಾರ ಜನರೇಟರ್ ನಿಂತು ಪೋಸ್ಟು ಮೌನವಾಗಿತ್ತಂತೆ. ಅಂದಿನಿಂದ ಹವಾಮಾನವೂ ಕೆಟ್ಟು ಹೆಲಿಕಾಪ್ಟರ್ ಏಳಲಿಲ್ಲ. ಚಾರ್ಜ್ ಮಾಡಿದ ಬ್ಯಾಟರಿ ಹೊತ್ತು ಹಿಮದಲ್ಲಿ ನಡೆದು ಹೋದ ಮೂವರಲ್ಲಿ ಅವರೂ ಒಬ್ಬರು. ಮೇಲಿನವರೆಲ್ಲ ಕ್ಷೇಮ. ಇವರ ಎಡಗಾಲು ಮರಗಟ್ಟಿ ಆಸ್ಪತ್ರೆಯಲ್ಲಿದ್ದರು; ಎರಡು ಬೆರಳು ತೆಗೆದಿದ್ದರು.

ಶುಕ್ರವಾರದ ವಿಮಾನದಲ್ಲಿ ಆ ಬಿಲ್ಲೆ ಹೋಗಿದ್ದರೆ ಹವಾಮಾನ ಕೆಡುವ ಮುಂಚೆಯೇ ಮೇಲೆ ತಲುಪುತ್ತಿತ್ತು, ಅವರು ನಡೆಯಬೇಕಿರಲಿಲ್ಲ. ಈ ಮಾತನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಆ ಚಳಿಗಾಲ ಮನೆಯಲ್ಲಿ ಅನ್ನಕ್ಕಿಡುವುದನ್ನೂ ಎಷ್ಟೋ ದಿನ ಬಿಟ್ಟೆ.

ಫೆಬ್ರವರಿಯಲ್ಲಿ ಅವರು ರಜೆಗೆ ಬಂದದ್ದು ತಿಳಿದು ಸಿಂಗಾಪುರಕ್ಕೆ ಹೋದೆ. ಕೋಲು ಹಿಡಿದ ದಪ್ಪ ಮೀಸೆಯ ಮನುಷ್ಯ ಬಾಗಿಲಿಗೆ ಬಂದು, "ಯಾರು ಬೇಕಮ್ಮ?" ಎಂದರು. ಬಾಯಿ ಬಿಟ್ಟರೆ ದನಿ ಗುರುತು ಸಿಗುತ್ತದೆಂದು ಹೆದರಿಕೆಯಾಯಿತು. ಆದರೂ, "ತಪ್ಪು ನನ್ನದು ಮುನಿರಾಜು. ಸಾಮಾನು ಇತ್ತು, ನಾನೇ ನೋಡಲಿಲ್ಲ," ಎಂದೆ.

ಅವರ ಮುಖ ಅರಳಿತು. "ಅಯ್ಯೋ, ಡಿಪೋ ಮೇಡಂ! ಬನ್ನಿ ಒಳಕ್ಕೆ." ಕುರ್ಚಿ ಎಳೆದು ಕೂರಿಸಿದರು. "ಕಾಲ್ ಬೆರಳಿನ್ ಇಸ್ಯ ಬುಡಿ. ಅಲ್ಲಿ ಕನ್ನಡ ಮಾತಾಡೋರು ಒಬ್ರೂ ಇರ್ನಿಲ್ಲ. ಎಷ್ಟೋ ಗುರುವಾರ ಸಾಮಾನೇ ಬೇಕಿರ್ನಿಲ್ಲ ಮೇಡಂ, ಏನೋ ಒಂದ್ ಡಿಮ್ಯಾಂಡ್ ಅಂತ ಫೋನ್ ಮಾಡ್ತಿದ್ದೆ. ನೀವು ಬೈತಿದ್ದಿದ್ದೂ ಕನ್ನಡದಾಗೇ ಅಲ್ವರಾ?"

ಇದಕ್ಕಿಂತ ಅವರು ಬಯ್ದಿದ್ದರೆ ಚೆನ್ನಾಗಿತ್ತು. ಅಲ್ಲೇ ಅತ್ತುಬಿಟ್ಟೆ.

ಎದ್ದು ಹೋಗಿ ಕಣ್ಣಾರೆ ನೋಡದೆ 'ಇಲ್ಲ' ಎನ್ನಬಾರದು, ನೌಕರಿ ಕಲಿಸಿದ ಪಾಠ ಇದು. ಉಳಿದ ಎರಡು ವರ್ಷ ಹಾಗೆಯೇ ನಡೆದುಕೊಂಡೆ. ಗುರುವಾರದ ಫೋನನ್ನೂ ನಾನಾಗಿ ಇಡುವುದನ್ನು ಬಿಟ್ಟೆ. ಆದರೆ ಮುನಿರಾಜು ಜಾಗಕ್ಕೆ ಬಂದ ಹಿಂದಿಯವರು ಸಾಮಾನಿನ ಪಟ್ಟಿ ಓದಿದ ಕೂಡಲೇ ತಾವೇ ಇಟ್ಟುಬಿಡುತ್ತಿದ್ದರು.