ಐದನೆಯ ಮನೆಯ ಜೋಗ

ನನ್ನ ಹೆಂಡತಿ ಸರೋಜಾ ತೀರಿಕೊಂಡ ದಿನ ಬೆಳಿಗ್ಗೆ ನನಗೆ ಏನು ಹೇಳಿದಳೆಂಬುದು ಒಂದು ವರ್ಷ ಕಾಲ ನನಗೆ ಪೂರ್ತಿ ನೆನಪಾಗಲಿಲ್ಲ. ನೆನಪಾಗುತ್ತಿದ್ದುದು ಇಷ್ಟೇ: ಉಪ್ಪಲ್‌ನ ನಮ್ಮ ಫ್ಲ್ಯಾಟಿನ ಬಾಗಿಲ ಬಳಿ ಕೂತು ನಾನು ಬೂಟಿನ ಲೇಸು ಕಟ್ಟುತ್ತಿದ್ದೇನೆ. ಕೆಳಗೆ ಆಫೀಸಿನ ಕ್ಯಾಬು ಹಾರ್ನ್ ಹೊಡೆಯುತ್ತಿದೆ. ಸರೋಜಾ ಎದೆಯ ಮೇಲೆ ಕೈ ಇಟ್ಟು ಏನೋ ಹೇಳುತ್ತಿದ್ದಾಳೆ. ನಾನು ಒಮ್ಮೆ ಕಣ್ಣೆತ್ತಿ ಮತ್ತೆ ಲೇಸಿಗೆ ಬಗ್ಗಿ, "ಆ್ಯಸಿಡಿಟಿ ಇರಬೇಕು. ಡಬ್ಬಿಯೊಳಗ ಗುಳಿಗಿ ಐತಿ ನೋಡು" ಎನ್ನುತ್ತೇನೆ. ಅಷ್ಟೇ. ಮುಂದಿನದು ಕ್ಯಾಬಿನ ಕಿಟಕಿ.

ಅಂದು ಹನ್ನೊಂದು ಗಂಟೆಯ ಹೊತ್ತಿಗೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದವಳು ಅಲ್ಲೇ ಕುಸಿದಳು. ಎದುರು ಮನೆಯ ತೆಲುಗಿನವರು ಆ್ಯಂಬುಲೆನ್ಸ್ ಕರೆಸಿದರು. ನಾನು ಊರಿನ ಇನ್ನೊಂದು ತುದಿಯಲ್ಲಿ, ಹೈಟೆಕ್ ಸಿಟಿಯ ಹತ್ತಿರ, ಮೀಟಿಂಗಿನಲ್ಲಿದ್ದೆ. ಫೋನಿನ ಸದ್ದು ಆರಿಸಿದ್ದೆ. ಆಗ ಎಲ್ಲೆಲ್ಲೂ ಹೊಸ ರಸ್ತೆ, ಹೊಸ ಮೇಲ್ಸೇತುವೆ. ಆಟೋದಲ್ಲಿ ಆಸ್ಪತ್ರೆ ಮುಟ್ಟುವುದಕ್ಕೆ ಒಂದೂವರೆ ತಾಸು ಹಿಡಿಯಿತು. ಎಳೆಯ ಡಾಕ್ಟರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಾಗಲೇ ನನಗೆ ಗೊತ್ತಾಯಿತು. ಹೃದಯಾಘಾತ. ಅವಳಿಗೆ ನಲವತ್ತಾರು, ನನಗೆ ಐವತ್ತೊಂದು.

ಮಗಳು ವಿದ್ಯಾ ಪುಣೆಯಲ್ಲಿ ಓದುತ್ತಿದ್ದಳು. ಬಂದವಳು ಮೂರನೆಯ ದಿನ ಕೇಳಿದಳು: "ಅಪ್ಪಾ, ಮುಂಜಾನೆ ಅಮ್ಮ ಏನರೆ ಅಂದಿದ್ಲೇನು? ತ್ರಾಸ ಆಗಾಕತ್ತೈತಿ ಅಂತ?"

"ಇಲ್ಲವ್ವಾ. ಏನೂ ಅನ್ನಲಿಲ್ಲ" ಎಂದೆ.

ಆ ಸುಳ್ಳಿನೊಂದಿಗೆ ನಾನು ಒಂದು ವರ್ಷ ಬಾಳಿದೆ. ಸುಳ್ಳೋ ಅಲ್ಲವೋ ಅದೂ ಖಚಿತವಿರಲಿಲ್ಲ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ನೆನಪು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವ ವಸ್ತು ಎಂದು ಓದಿ ಬಲ್ಲೆ. ಒಂದು ದಿನ ಅವಳ ಕೈ ಎದೆಯ ಮೇಲಿರುತ್ತಿತ್ತು, ಇನ್ನೊಂದು ದಿನ ಕೊರಳ ಮೇಲೆ. ಅದು ಹಿಂದಿನ ವಾರದ ಮಾತಿರಬಹುದೆಂದು ಒಮ್ಮೊಮ್ಮೆ ಸಮಾಧಾನ. ಮರುಕ್ಷಣ, ತಪ್ಪಿಸಿಕೊಳ್ಳಲು ನಾನೇ ಕಟ್ಟಿದ ಕಥೆ ಅದೆಂಬ ಸಂಶಯ. ಅವಳು ತೀರಿಕೊಳ್ಳುವ ಕೆಲವು ತಿಂಗಳ ಮೊದಲಿಂದ ನನಗೆ ಸಹೋದ್ಯೋಗಿಗಳ ಹೆಸರು ಮರೆತುಹೋಗುತ್ತಿದ್ದವು. ಸರೋಜಾ ಹಟ ಹಿಡಿದು ತಲೆಯ ಸ್ಕ್ಯಾನ್ ಮಾಡಿಸಿದ್ದಳು. ಏನೂ ಇಲ್ಲ, ವಯಸ್ಸು, ನಿದ್ದೆಗೇಡು ಎಂದಿದ್ದರು ಡಾಕ್ಟರ್.

ವರ್ಷದ ಕಾರ್ಯಕ್ಕೆ ಗದಗಿನಿಂದ ನನ್ನ ಅಕ್ಕ ಬಂದಳು. ವಿದ್ಯಾ ಪರೀಕ್ಷೆಯೆಂದು ಹೇಳಿ ಬರಲಿಲ್ಲ. ಕಾಚಿಗೂಡ ಸ್ಟೇಷನ್ನಿಂದ ಅವಳನ್ನು ಕರೆತಂದ ದಿನ ಮಧ್ಯಾಹ್ನ, ಅಕ್ಕ ಮಲಗಿದ್ದಾಗ, ನಾನು ಸರೋಜಾಳ ದೇವರ ಮಾಡದ ಎದುರು ಕೂತೆ. ಅಲ್ಲಿ ಅವಳ ತವರಿನಿಂದ ಬಂದ ಎಲ್ಲಮ್ಮನ ಹಿತ್ತಾಳೆಯ ಮುಖವಿದೆ. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಅದಕ್ಕೆ ಒಂದು ದಿನವೂ ಕೈ ಮುಗಿಯದವನು ಅಂದು ಮುಗಿದೆ. "ಅಂದು ಏನಾಯಿತೆಂಬುದನ್ನು ತಿಳಿಸು. ಕೆಟ್ಟದ್ದಾದರೂ ಸರಿ" ಎಂದು ಬೇಡಿಕೊಂಡೆ. ಇದನ್ನು ಯಾರಿಗೂ ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ. ಓದುವವರು ಈ ಒಂದು ಮಾತನ್ನು ಗಮನದಲ್ಲಿಡಬೇಕು.

ಕಾರ್ಯ ಮುಗಿದ ಮರುದಿನ ಅಕ್ಕ ಹೇಳಿದಳು: "ತಮ್ಮಾ, ಸರೋಜಾಂದು ಒಂದು ಹರಕಿ ಉಳದೈತಿ. ನಿನ್ನ ತಲಿ ಫೋಟೋದಾಗ ಏನೂ ಬರಬಾರದಂತ ಬೇಡಿಕೊಂಡಿದ್ಲು. ಚೊಲೊ ಬಂದ್ರ ಐದ ಮನಿ ಜೋಗ ಬೇಡಸ್ತೀನಿ ಅಂತ."

ಜೋಗವೆಂದರೆ ನಿಮಗೆ ಗೊತ್ತೇ ಇದೆ. ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಬುಟ್ಟಿ ಹಿಡಿದು, ಎಲ್ಲಮ್ಮನ ಹೆಸರಿನಲ್ಲಿ ಐದು ಮನೆಯ ಬಾಗಿಲಿಗೆ ಹೋಗಿ ಕಾಳು ಬೇಡುವುದು.

"ಆತು, ನೀನ ಬೇಡಿ ಬಾ" ಎಂದೆ.

"ನಾ ಅಲ್ಲೋ! 'ವೈನಿ, ಅವರ ಕೈಲೇನ ಬೇಡಸ್ತೀನಿ' ಅಂತ ಹರಕಿ ಹೊತ್ತಾಳ. ನಿನಗ ಹೇಳಾಕ ಅಂಜಿ ಸುಮ್ಮನಿದ್ಲು. ನಗತೀ ಅಂತ."

"ಈ ಅಪಾರ್ಟ್‌ಮೆಂಟಿನ್ಯಾಗ? ನನ್ನ ಕೈಯಾಗ ಕೆಲಸ ಮಾಡೋ ಹುಡುಗರು ಅದಾರ ಇಲ್ಲಿ!"

"ಎಮ್ಮೆಸ್ಸಿ ಕಲತು ಐದ ಮನಿ ಬೇಡಾಕ ಬರಂಗಿಲ್ಲಂದ್ರ ಏನ್ ಕಲತಿಯೋ?" ಎಂದು ಅಕ್ಕ ಬುಟ್ಟಿ ತಂದು ಮುಂದಿಟ್ಟಳು.

ಶುಕ್ರವಾರ ಬೆಳಿಗ್ಗೆ ಬರಿಗಾಲಲ್ಲಿ ಹೊರಬಿದ್ದೆ. ಎದುರು ಮನೆಯ ತೆಲುಗಿನ ಹಿರಿಯ ಹೆಂಗಸು ನನ್ನ ಹಣೆ ನೋಡಿ, "ಎಲ್ಲಮ್ಮ ತಲ್ಲಿನಾ?" ಎಂದು ಕೇಳಿ, ಚಪ್ಪಲಿ ಕಳಚಿ, ಎರಡೂ ಕೈಯಿಂದ ಅಕ್ಕಿ ಹಾಕಿದರು. ಮೇಲಿನ ಮಹಡಿಯಲ್ಲಿ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಬಾಗಿಲು ತೆರೆದವನು ನಮ್ಮ ತಂಡದ ಮೈಸೂರಿನ ಹುಡುಗ. "ಸಾರ್! ಕೆಲಸ ಹೋಯ್ತಾ ಸಾರ್?" ಎಂದು ಗಾಬರಿಯಾದ. ವಿಷಯ ಹೇಳಿದ ಮೇಲೆ ಒಳಗೆಲ್ಲ ಹುಡುಕಿ ಬಂದು, "ಅಕ್ಕಿ ಇಲ್ಲ ಸಾರ್, ಓಟ್ಸ್ ಆಗತ್ತಾ?" ಎಂದ. ಆಗುತ್ತದೆ ಎಂದೆ. ಸರೋಜಾ ಹೋದ ಮೇಲೆ ನನಗೆ ಮೊದಲ ಸಲ ನಗು ಬಂದದ್ದು ಆ ಮೆಟ್ಟಿಲ ಮೇಲೆ.

ಇನ್ನೆರಡು ಮನೆಯಲ್ಲಿ ಕೊಟ್ಟರು. ಉಳಿದ ಮೂರಕ್ಕೂ ಬೀಗ. ನಮ್ಮ ಕಟ್ಟಡದಲ್ಲಿ ನಮ್ಮದನ್ನು ಬಿಟ್ಟರೆ ಇರುವುದು ಏಳೇ ಮನೆ. ನಾಲ್ಕಾಯಿತಲ್ಲ, ಸಾಕು ಎಂದುಕೊಂಡು ವಾಪಸ್ ಬಂದರೆ, ಅಕ್ಕ ಬಾಗಿಲಲ್ಲೇ ತಡೆದಳು. "ಕೆಳಗ ನೀರಿನ ಪಂಪಿನ ಬಾಜು ಒಂದು ಮನಿ ಐತೆಲ್ಲ, ಅದು ಮನಿ ಅಲ್ಲೇನು?"

ಅದು ವಾಚ್‌ಮನ್‌ನ ಕೋಣೆ. ಆರು ವರ್ಷದಲ್ಲಿ ಅದನ್ನು ಮನೆಯೆಂದು ನಾನು ಎಣಿಸಿರಲಿಲ್ಲ. ವಾಚ್‌ಮನ್ ಜೊತೆ ನನ್ನದು ಎರಡು ಮಾತಿನ ಹಿಂದಿ. ಅವನ ಹೆಂಡತಿಯ ಜೊತೆ ಅದೂ ಇಲ್ಲ. ಮುಚ್ಚಿದ ತಗಡಿನ ಬಾಗಿಲ ಮುಂದೆ ನಿಂತು, ಅಕ್ಕ ಕಲಿಸಿದಂತೆ, "ಉಧೋ! ಎಲ್ಲಮ್ಮನ ಜೋಗ ನೀಡ್ರಿ" ಎಂದೆ.

"ಉಧೋ ನನ್ನವ್ವಾ!" ಎಂದು ಒಳಗಿಂದ ದನಿ ಬಂತು. ಬಾಗಿಲು ತೆರೆದ ಹೆಂಗಸು ಕೈಯ ಹಿಟ್ಟು ಒರೆಸಿಕೊಳ್ಳುತ್ತ ನನ್ನನ್ನು ನೋಡಿ ನಿಂತುಬಿಟ್ಟಳು. "ಯಪ್ಪಾ, ಸಾಹೇಬ್ರ! ನೀವು ಜೋಗಕ್ಕ ಬಂದೀರೇನ್ರಿ?"

"ನೀವು ಕನ್ನಡದವರಾ?"

"ಯಾದಗಿರಿ ಕಡಿಯವ್ರರಿ. ಮಲ್ಲಮ್ಮ. ಅಕ್ಕಾರು ಹೇಳಿರಲಿಲ್ಲೇನ್ರಿ?" ಸರೋಜಾ ಹೇಳಿರಬೇಕು. ನಾನು ಕೇಳಿಸಿಕೊಂಡಿರಲಿಲ್ಲ.

ಅವಳು ಮೊರದ ತುಂಬ ಜೋಳ ತಂದು ಬುಟ್ಟಿಗೆ ಹಾಕುತ್ತ ಹಾಕುತ್ತ ಅಳತೊಡಗಿದಳು. "ಒಂದು ಮಾತು ಹೇಳಬೇಕಾಗಿತ್ರಿ ನಿಮಗ. ವರ್ಷಾತು, ಧೈರ್ಯಾ ಆಗಲಿಲ್ಲ. ಅಕ್ಕಾರು ಹೋದ ದಿನ ಮುಂಜಾನಿ ನನಗ ಎದಿ ಉರದು ಉರದು ಜೀವ ಹ್ವಾದಂಗ ಆಗಿತ್ತರಿ. ಅಕ್ಕಾರು ಹಾಲು ತರಾಕ ಬಂದವ್ರು ನೋಡಿದ್ರು. 'ತಡಿ, ನಮ್ಮನಿಯವ್ರನ್ನ ಕೇಳಿ ಗುಳಿಗಿ ತರ್ತೀನಿ' ಅಂತ ಮ್ಯಾಲ ಹ್ವಾದ್ರು. ನಿಮ್ಮ ಗಾಡಿ ಹ್ವಾದ ಮ್ಯಾಲ ತಂದು ಕೊಟ್ರು."

ನಾನು ಬುಟ್ಟಿಯನ್ನು ಕೆಳಗಿಟ್ಟೆ.

"ಸರೋಜಾಗ ಏನರ ತ್ರಾಸ ಇತ್ತಾ ಅವತ್ತು?" ಎಂದು ಕೇಳಿದೆ.

"ಇಲ್ಲರಿ! ಇಲ್ಲೇ ಕಟ್ಟಿ ಮ್ಯಾಲ ಕುಂತು ನನ್ನ ಜೋಡಿ ಮೆಂತೆಪಲ್ಲೆ ಸ್ವಾಸಿದ್ರು. ನಗಸಾಕತ್ತಿದ್ರು. 'ನಮ್ಮನಿಯವ್ರು ಹೇಳ್ಯಾರ, ಗುಳಿಗಿಗೆ ಕಡಿಮಿ ಆಗದಿದ್ರ ದವಾಖಾನಿಗೆ ಕರ್ಕೊಂಡು ಹೋಗು ಅಂತ' ಅಂದ್ರು. ಅರ್ಧ ತಾಸಿಗೆ ನನಗ ಎದಿ ತಂಪಾತ್ರಿ. ಕೆಲಸಾ ಎಲ್ಲಾ ಮುಗಿಸಿ ಹನ್ನೊಂದರ ಸುಮಾರಿಗೆ ಹೇಳೂಣು ಅಂತ ಮ್ಯಾಲ ಹೊಂಟಿದ್ದೆ. ಗೇಟಿನ್ಯಾಗ ಆ್ಯಂಬುಲೆನ್ಸ್ ಬಂದು ನಿಂತಿತ್ತು."

ಆ ಕ್ಷಣ ನನಗೆ ಕಂಡದ್ದನ್ನು ಹೇಗೆ ಬರೆಯಲಿ? ಕೈ ಎದೆಯ ಮೇಲೆಯೇ ಇತ್ತು. ಆದರೆ ಅವಳು ತೋರಿಸುತ್ತಿದ್ದುದು ಮಲ್ಲಮ್ಮನ ನೋವನ್ನು. ನನ್ನ ಅರ್ಧ ನೆನಪು ಸುಳ್ಳಾಗಿರಲಿಲ್ಲ. ಇನ್ನರ್ಧವನ್ನು ತಾಯಿ ಎಲ್ಲಮ್ಮ ನನ್ನ ಕಾಲಡಿಯ ಕೋಣೆಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ನಾನು ಏನನ್ನೂ ಕೇಳುವ ಮೊದಲೇ ಮಲ್ಲಮ್ಮ ಹೇಳಿದಳು. ಯಾರೂ ಅವಳಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ನನ್ನ ಬುದ್ಧಿ ಇದಕ್ಕೆ ಕಾಕತಾಳೀಯ ಎಂಬ ಹೆಸರಿಟ್ಟು ನೋಡಿತು. ಮೂರು ಮನೆಗೆ ಬೀಗ ಬೀಳಬೇಕು, ಅಕ್ಕ ತಡೆಯಬೇಕು, ಅದಕ್ಕೂ ಮೊದಲು ಸರೋಜಾ ನನ್ನ ಕೈಯಿಂದಲೇ ಬೇಡಿಸುತ್ತೇನೆಂದು ಹರಕೆ ಹೊರಬೇಕು. ಲೆಕ್ಕ ಬಲ್ಲವನೇ ನಾನು. ಅಂದು ಆ ಕಟ್ಟೆಯ ಮೇಲೆ ಕೂತು ಲೆಕ್ಕ ಬಿಟ್ಟೆ. ಮಲ್ಲಮ್ಮ ನೀರು ಕೊಟ್ಟಳು.

"ಆಸ್ಪತ್ರೆಗೆ ಕರೆದುಕೊಂಡು ಹೋಗು" ಎಂದದ್ದು ಮಾತ್ರ ನನಗೆ ಇವತ್ತಿಗೂ ನೆನಪಿಲ್ಲ. ನಾನು ಹೇಳಿದ್ದೋ, ಗಂಡನದು ತೀರ ಒಣ ಮಾತಾಯಿತೆಂದು ಸರೋಜಾ ತಾನೇ ಸೇರಿಸಿದ್ದೋ. ಅದನ್ನು ತಿಳಿಸೆಂದು ತಾಯಿಯನ್ನು ಕೇಳಲಾರೆ. ಎರಡರಲ್ಲಿ ಯಾವುದಾದರೂ ಅದು ನನಗೆ ಸಿಕ್ಕ ದಯೆಯೇ.

ಅಂದೇ ವಿದ್ಯಾಳಿಗೆ ಫೋನ್ ಮಾಡಿ ಮೊದಲು ನನ್ನ ಸುಳ್ಳನ್ನು ಒಪ್ಪಿಕೊಂಡೆ, ಆಮೇಲೆ ಎಲ್ಲವನ್ನೂ ಹೇಳಿದೆ. "ಅಪ್ಪಾ, ನೀ ಸುಳ್ಳು ಹೇಳಾಕತ್ತೀ ಅಂತ ಅವತ್ತ ಗೊತ್ತಾಗಿತ್ತು. ಅದಕ್ಕ ನಾ ಮನಿಗೆ ಬರೋದು ಕಡಿಮಿ ಮಾಡಿದ್ದು" ಎಂದಳು. ನಾನು ಹೆಂಡತಿಯನ್ನಷ್ಟೇ ಕಳೆದುಕೊಂಡೆ ಎಂದುಕೊಂಡಿದ್ದೆ. ಮಗಳೂ ಕೈಬಿಡುತ್ತಿದ್ದಳೆಂಬುದು ಅವಳು ವಾಪಸ್ ಸಿಕ್ಕ ಮೇಲೆ ಗೊತ್ತಾಯಿತು. ಆ ವಾರವೇ ಅವಳು ಬಸ್ಸು ಹತ್ತಿ ಬಂದಳು.

ಭಕ್ತ ಬಂಧುಗಳೇ, ನನಗೆ ಸಂಶಯಗಳು ಇನ್ನೂ ಇವೆ, ಮರೆವೂ ಇದೆ. ಮೊದಲು ಅವನ್ನು ಒಬ್ಬನೇ ಹೊತ್ತು ತಿರುಗುತ್ತಿದ್ದೆ. ಈಗ ಮಂಗಳವಾರ, ಶುಕ್ರವಾರ ತಾಯಿಯ ಎದುರು ಕೂತು ಅವಳನ್ನೇ ಕೇಳುತ್ತೇನೆ. ಕೇಳಿದ್ದಕ್ಕೆ ಅವಳು ಒಮ್ಮೆ ಉತ್ತರ ಕೊಟ್ಟಿದ್ದಾಳೆ.