ತಾಟಿನ ಎಡಭಾಗ

ತತ್ವಶಾಸ್ತ್ರ ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣ ನನ್ನ ಅಪ್ಪ. ಅಗಡಿಯ ನಮ್ಮ ಮನೆಯಲ್ಲಿ ಜೋಳದ ಹಿಟ್ಟು ಮುಗಿದಿದೆ ಎಂದು ಅವ್ವ ಹೇಳಿದರೆ, ಅಪ್ಪ ಕಟ್ಟೆಯ ಮೇಲೆ ಕುಳಿತಲ್ಲೇ ಕಣ್ಣು ಮುಚ್ಚಿ, "ಎಲ್ಲಾ ಮಾಯಾ ಐತಿ" ಎನ್ನುತ್ತಿದ್ದ. ಅವ್ವ ಪುಟ್ಟಿ ಹೊತ್ತುಕೊಂಡು ಗಿರಣಿಗೆ ಹೋಗುತ್ತಿದ್ದಳು. ಆಮೇಲೆ ಆ ಮಾಯೆಯ ರೊಟ್ಟಿಯನ್ನು ಅಪ್ಪ ನಾಲ್ಕು ತಿನ್ನುತ್ತಿದ್ದ. ತತ್ವ ಅಂದರೆ ಕೆಲಸ ಮಾಡಲೊಲ್ಲದ ಗಂಡಸರ ನೆಪ ಎಂದು ನಾನು ಚಿಕ್ಕವಳಿದ್ದಾಗಲೇ ತೀರ್ಮಾನಿಸಿಬಿಟ್ಟೆ. ಐವತ್ತು ದಾಟಿದರೂ ಆ ತೀರ್ಮಾನ ಬದಲಾಗಿರಲಿಲ್ಲ.

ನನ್ನ ಕೆಲಸ ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ. ಬಂದ ಚೀಲಗಳಿಗೆ ಕೈ ಹಾಕಿ, ಕಾಯಿ ಮುರಿದು, ಬಣ್ಣ ಮತ್ತು ತೇವ ನೋಡಿ, ಮಾಲು ಹೇಗಿದೆ ಎಂದು ಹೇಳಬೇಕು. ದಿನಾ ಬೆಳಿಗ್ಗೆ ಹಾವೇರಿಯಿಂದ ಪ್ಯಾಸೆಂಜರ್ ರೈಲಿಗೆ ಹೋಗುತ್ತೇನೆ. ಕಳೆದ ವರ್ಷ ನನ್ನ ಗಂಡನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಅಂದಿನಿಂದ ಬೇಗ ಎದ್ದು, ಅವರ ಮೈ ತೊಳೆದು, ಬಟ್ಟೆ ಬದಲಿಸಿ, ರೊಟ್ಟಿ ಬಡಿದು, ಊಟಕ್ಕೆ ಕೂರಿಸಿ, ಪಕ್ಕದ ಮನೆಯಾಕೆಗೆ ಬೀಗದ ಕೈ ಕೊಟ್ಟು ಸ್ಟೇಶನ್ನಿಗೆ ಓಡುವುದೇ ನನ್ನ ಬೆಳಗು. ರೈಲಿನಲ್ಲಿ ಸೀಟು ಸಿಕ್ಕರೆ ಕೂತಲ್ಲೇ ತೂಕಡಿಕೆ.

ದಣಿವನ್ನಾದರೂ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಅವರ ಮಾತು. ತಾಟಿನ ಬಲಕ್ಕೆ ರೊಟ್ಟಿ, ಎಡಕ್ಕೆ ಪಲ್ಯ ಬಡಿಸಿ ಮುಂದಿಟ್ಟರೆ, ರೊಟ್ಟಿ ಮುರಿಯುತ್ತ, "ಪಲ್ಯಾನ ಹಾಕಿಲ್ಲ ನೀ" ಎನ್ನುತ್ತಿದ್ದರು. "ಕಣ್ಣ ಮುಂದ ಐತಲ್ರಿ" ಎಂದರೆ, "ಎಲ್ಲೈತಿ?" ಎಂಬ ಮರುಪ್ರಶ್ನೆ. ಮದುವೆಯಾದಾಗಿನಿಂದ ಕೊರತೆ ಹುಡುಕಿ ನನ್ನ ಅಡುಗೆಗೆ ಹೆಸರಿಟ್ಟ ಮನುಷ್ಯ ಈಗ ಮಂಚದ ಮೇಲೆ ಕುಳಿತು ಹೊಸ ನಾಟಕ ಶುರು ಮಾಡಿದ್ದಾರೆ ಎಂದುಕೊಂಡೆ. ಒಂದು ಬೆಳಿಗ್ಗೆ ಸಿಟ್ಟು ನೆತ್ತಿಗೇರಿ, ಅವರು ಇನ್ನೂ ಉಣ್ಣುತ್ತಿರುವಾಗಲೇ ತಾಟು ಎತ್ತಿಕೊಂಡು ಒಳಗೆ ಹೋದೆ. ನನಗೆ ಅಯ್ಯೋ ಅನ್ನಿಸಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ಆ ದಿನವೇ ಗುತ್ತಲದಲ್ಲಿರುವ ಅವರ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾರ, ನಿಮ್ಮ ತಮ್ಮನ್ನ ಕರಕೊಂಡು ಹೋಗ್ರಿ. ನನ್ನ ಕೈಲೆ ಆಗೂದಿಲ್ಲ." ರವಿವಾರ ಬರುತ್ತೇನೆ ಎಂದರು. ಫೋನ್ ಇಟ್ಟಾಗ ಹಗುರವಾಯಿತು ಎಂದರೆ ಸುಳ್ಳಲ್ಲ.

ರೈಲಿನಲ್ಲಿ ನನ್ನ ಎದುರಿಗೆ ಕೂರುವವರು ರಾಣೆಬೆನ್ನೂರಿನ ಒಂದು ಕಾಲೇಜಿನ ಉಪನ್ಯಾಸಕಿ. ಅವರ ವಿಷಯ ತತ್ವಶಾಸ್ತ್ರವೇ. "ಏನ್ರಿ ಮೇಡಂ, ಇವತ್ತ ರೈಲು ಖರೇನೋ, ಮಾಯಾನೋ?" ಎಂದು ಕಾಡಿಸುತ್ತಿದ್ದೆ. ಅವರೂ ಸೋತ ಮುಖದವರೇ. "ರೈಲು ಖರೇ ಐತ್ರಿ. ಕ್ಲಾಸಿನ್ಯಾಗ ನಾಕ ಹುಡುಗ್ಯಾರ ಅದಾರ ಅಂತಾರಲ್ಲ, ಅದರದ ನನಗ ಸಂಶಯ" ಎಂದಿದ್ದರು ಒಮ್ಮೆ.

ಶುಕ್ರವಾರ ಅವರ ಮುಂದೆ ಎಲ್ಲ ಕಕ್ಕಿಬಿಟ್ಟೆ. "ಬೇಕಂತನ ಮಾಡ್ತಾರ್ರಿ ಮೇಡಂ, ನನ್ನ ಜೀವಾ ತಿನ್ನಾಕ."

ಅವರು ಸಮಾಧಾನ ಹೇಳಲಿಲ್ಲ. "ಪಲ್ಯ ಇಲ್ಲ ಅಂದಿದ್ದನ್ನ ನೀವು ಕಿವೀಲೆ ಕೇಳೀರಿ. ಬೇಕಂತ ಅಂದ್ರು ಅನ್ನೂದನ್ನ ಎಲ್ಲಿ ಕಂಡ್ರಿ?"

"ಮತ್ತೇನ್ರಿ? ಕಣ್ಣು ಚಲೋ ಅದಾವ. ಕಿಟಕ್ಯಾಗ ಹಾದು ಹೋಗವರನ್ನೆಲ್ಲಾ ಗುರ್ತಾ ಹಿಡೀತಾರ."

"ಕಂಡಿದ್ದು ಬ್ಯಾರೆ, ಅದರಿಂದ ನಾವು ಊಹೆ ಮಾಡಿದ್ದು ಬ್ಯಾರೆ. ನಮ್ಮ ಮೊದಲನೇ ಪಾಠಾನ ಇದು. ನಿಮ್ಮ ಊಹೆ ತಪ್ಪು ಅನ್ನಾಕತ್ತಿಲ್ಲ ನಾ. ಬ್ಯಾರೆ ಏನರ ಇರಬಹುದೇನೋ ಅಂತ ಒಮ್ಮೆ ಹುಡುಕೀರೇನು?"

ಮನೆಯಲ್ಲಿ ಹೆಣಗುವವಳು ನಾನು, ಪಾಠ ಹೇಳುವವರು ಇವರು. ಹೋಗಿಬರುತ್ತೇನೆ ಎಂದೂ ಹೇಳದೆ ಬ್ಯಾಡಗಿಯಲ್ಲಿ ಇಳಿದುಬಿಟ್ಟೆ.

ಮಧ್ಯಾಹ್ನ ಅಂಗಡಿಯಲ್ಲಿ ಹಮಾಲನೊಬ್ಬ ಚೀಲದ ಬಾಯಿ ಬಿಚ್ಚಿ, ಮೇಲಿನ ಕಾಯಿ ತೋರಿಸಿ, "ಮಾಲು ಚಲೋ ಐತ್ರಿ ಅಕ್ಕಾರ, ಒಳಗ ಒಯ್ಯಲೇನು?" ಎಂದ. "ಬುಡಕ ಕೈ ಹಾಕಿ ನೋಡದ ಹೆಂಗ ಹೇಳೂದು?" ಎಂದು ರೂಢಿಯಂತೆ ಗದರಿದೆ. ಗದರಿದ ಮೇಲೆ ನನ್ನ ಮಾತು ನನಗೇ ಕೇಳಿತು. ಮೆಣಸಿನಕಾಯಿಗೆ ಕೊಡುವ ನ್ಯಾಯವನ್ನು ಗಂಡನಿಗೆ ಕೊಟ್ಟಿರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು.

ಶನಿವಾರ ಬೆಳಿಗ್ಗೆ ರೊಟ್ಟಿ, ಬದನೆಕಾಯಿ ಪಲ್ಯ. "ಪಲ್ಯಾನ ಹಾಕಿಲ್ಲ" ಎಂದರು. ಇದರ ಬುಡವನ್ನೂ ನೋಡಿಬಿಡೋಣ ಎಂದುಕೊಂಡೆ. ತಾಟಿನ ಅಂಚು ಹಿಡಿದು ಅರ್ಧ ಸುತ್ತು ತಿರುಗಿಸಿದೆ, ಪಲ್ಯ ಬಲಕ್ಕೆ ಬರುವ ಹಾಗೆ. ಅವರ ಕೈ ನೇರವಾಗಿ ಪಲ್ಯಕ್ಕೆ ಹೋಯಿತು.

"ಈಗ ಹಾಕಿದಿ ನೋಡು" ಎಂದರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಹಸಿದವರು ಹೇಳಿದ ಮಾತು ಅಷ್ಟೇ.

ಅವತ್ತು ಕೆಲಸಕ್ಕೆ ರಜೆ ಹೇಳಿ ಡಾಕ್ಟರ ಹತ್ತಿರ ಹೋದೆ. ಲಕ್ವ ಹೊಡೆದ ಕೆಲವರಿಗೆ ಹೀಗಾಗುತ್ತದೆ, ಕಣ್ಣು ಸರಿಯಿದ್ದರೂ ಎಡಗಡೆ ಎಂಬುದೇ ಅವರ ಪಾಲಿಗೆ ಇರುವುದಿಲ್ಲ ಎಂದರು. ಮೊದಲೇ ಹೇಳಿದ್ದರೋ ಏನೋ, ಆಸ್ಪತ್ರೆಯ ಆ ದಿನಗಳಲ್ಲಿ ನನ್ನ ಕಿವಿಗೆ ಯಾವುದೂ ಬಿದ್ದಿರಲಿಲ್ಲ. ನಮ್ಮ ಕಿಟಕಿ ಮಂಚದ ಬಲಕ್ಕಿದೆ ಎಂಬುದು ಆಗ ಹೊಳೆಯಿತು.

ರವಿವಾರ ಗುತ್ತಲದಿಂದ ಬಂದ ಅವರ ಅಕ್ಕನಿಗೆ ಊಟ ಹಾಕಿ, "ಇಲ್ಲೇ ಇರಲಿ ಬಿಡ್ರಿ" ಎಂದು ಒಬ್ಬರನ್ನೇ ಬಸ್ಸಿಗೆ ಹತ್ತಿಸಿದೆ. ಸೋಮವಾರ ರೈಲಿನಲ್ಲಿ ಮೇಡಂಗೆ ಹೇಳಿದೆ. ಅವರು, "ಇವತ್ತ ಆ ನಾಕ ಮಂದಿಗೆ ಇದನ್ನ ಹೇಳಲೇನ್ರಿ?" ಎಂದು ಕೇಳಿದರು. ಹೇಳಿರಿ ಎಂದೆ.

ಕೆಲಸ ಕಡಿಮೆಯಾಗಿಲ್ಲ. ಸೊಂಟ ಈಗಲೂ ನೋಯುತ್ತದೆ, ಈಗಲೂ ಒಮ್ಮೊಮ್ಮೆ ಒದರುತ್ತೇನೆ. ಅಪ್ಪನ ಮಾಯೆಯ ಮೇಲಿನ ಸಿಟ್ಟೂ ಹಾಗೆಯೇ ಇದೆ. ಆದರೆ ಒದರುವ ಮೊದಲು ಕಂಡದ್ದೆಷ್ಟು, ಕಟ್ಟಿಕೊಂಡದ್ದೆಷ್ಟು ಎಂದು ಕೇಳಿಕೊಳ್ಳುತ್ತೇನೆ. ಊಟದ ನಡುವೆ ಒಮ್ಮೆ ತಾಟು ತಿರುಗಿಸುತ್ತೇನೆ.

ಒಂದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಸಿಟ್ಟಿನಲ್ಲಿ ತಾಟು ಎತ್ತಿಕೊಂಡು ಹೋದ ಆ ಬೆಳಿಗ್ಗೆ ನಾನು ನಿಂತಿದ್ದು ಅವರ ಎಡಗಡೆ. ತಾಟು ಎತ್ತಿದವರು ಯಾರು, ಅದು ಎಲ್ಲಿ ಹೋಯಿತು ಎಂದು ಅವರಿಗೆ ಕಂಡಿರಲಿಕ್ಕಿಲ್ಲ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವರ ಬಲಗೈ ಹಾಸಿಗೆಯ ಮೇಲೆ ತಾಟಿಗಾಗಿ ತಡಕಾಡುತ್ತಿತ್ತು. ಅದನ್ನೂ ನಾನು ನಾಟಕ ಎಂದುಕೊಂಡಿದ್ದೆ.