ನೀಲಿ ಮುಚ್ಚಳದ ಡಬ್ಬಿ

ಕೈ ತೊಳೆಯುವುದು ಹೇಗೆಂದು ಊರಿಗೆಲ್ಲ ಪಾಠ ಹೇಳುವುದು ನನ್ನ ಹಳೆಯ ಚಟ. ಇಂದಿರಾನಗರದ ನಮ್ಮ ಲ್ಯಾಬಿಗೆ ಕಾಲಿಟ್ಟವರು ಯಾರೂ ಈ ಪಾಠದಿಂದ ತಪ್ಪಿಸಿಕೊಂಡಿಲ್ಲ. ಎ.ಸಿ. ರಿಪೇರಿಗೆ ಬಂದವರು, ಕೊರಿಯರ್ ತಂದವರು, ಎಲ್ಲರನ್ನೂ ಸಿಂಕಿನ ಮುಂದೆ ನಿಲ್ಲಿಸಿದ್ದೇನೆ. ಬೋರ್ಡು ನೋಡಿ ಶುಗರ್ ಟೆಸ್ಟ್ ಮಾಡಿಸಲು ಬಂದ ಹಿರಿಯರೊಬ್ಬರಿಗೆ ಏಳೂ ಹಂತಗಳನ್ನು ಕಲಿಸಿ, ಎರಡೆರಡು ಸಲ ಮಾಡಿಸಿ, ಆಮೇಲೆ ಇಲ್ಲಿ ಶುಗರ್ ನೋಡುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಅವರು ಹೊರಗೆ ಹೋಗಿ ಏನಂದುಕೊಂಡರೋ ಗೊತ್ತಿಲ್ಲ. ಸಿಂಕಿನ ಮೇಲಿನ ಪೋಸ್ಟರು ಕೂಡ ನಾನೇ ಬರೆದು ಅಂಟಿಸಿದ್ದು. ಐದನೇ ಹಂತ ಹೆಬ್ಬೆರಳು. ಜನ ಹೆಬ್ಬೆರಳನ್ನೇ ಮರೆಯುತ್ತಾರೆ ಎಂಬುದು ನನ್ನ ದೊಡ್ಡ ಕೊರಗು.

ಲ್ಯಾಬ್ ಎಂದರೆ ಭಾರಿ ಕಟ್ಟಡವೇನಲ್ಲ. ನೂರಡಿ ರಸ್ತೆಯಿಂದ ಎರಡು ತಿರುವು ಒಳಗೆ, ಯಾರೋ ರಿಟೈರಾದ ಮೇಲೆ ಆಸೆಪಟ್ಟು ಕಟ್ಟಿಸಿದ ಬಂಗಲೆ. ಅವರ ಊಟದ ಕೋಣೆಯಲ್ಲಿ ಈಗ ನಮ್ಮ ಫ್ರೀಜರುಗಳಿವೆ, ಮಲಗುವ ಕೋಣೆಯಲ್ಲಿ ಟೈಫಾಯಿಡ್ ಬ್ಯಾಕ್ಟೀರಿಯ ಬೆಳೆಯುತ್ತದೆ. ಈ ಕಾಯಿಲೆ ವಾಸಿಯಾದ ಮೇಲೂ ಕೆಲವರ ಹೊಟ್ಟೆಯಲ್ಲಿ ಬ್ಯಾಕ್ಟೀರಿಯ ಸದ್ದಿಲ್ಲದೆ ಉಳಿದುಬಿಡುತ್ತದೆ. ಅವರಿಗೆ ಜ್ವರವಿಲ್ಲ, ನೋವಿಲ್ಲ, ತಿಂದುಂಡು ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಅವರ ಕೈಯಿಂದ ತಿಂದವರು ಹಾಸಿಗೆ ಹಿಡಿಯುತ್ತಾರೆ. ಅಂಥವರನ್ನು ನಾವು ಕ್ಯಾರಿಯರ್ ಎನ್ನುತ್ತೇವೆ. ಅವರನ್ನು ಸುಲಭವಾಗಿ ಪತ್ತೆ ಹಚ್ಚುವುದು ಹೇಗೆ, ಅವರೊಳಗೆ ವರ್ಷಗಟ್ಟಲೆ ಕೂತ ಬ್ಯಾಕ್ಟೀರಿಯದ ಜೀನುಗಳಲ್ಲಿ ಏನೇನು ಬದಲಾಗುತ್ತದೆ ಎಂಬುದು ನಮ್ಮ ಸಂಶೋಧನೆ. ಕ್ಯಾರಿಯರ್ ಎನ್ನುವಾಗ ನನ್ನ ದನಿಯಲ್ಲಿ ಒಂದಿಷ್ಟು ತಾತ್ಸಾರ ಇರುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಲ್ಯಾಬಿನ ಸುರಕ್ಷತೆಯ ಹೊಣೆಯೂ ನನ್ನದೇ ಆಗಿದ್ದರಿಂದ ಕೊಬ್ಬು ಸ್ವಲ್ಪ ಜಾಸ್ತಿಯೇ ಇತ್ತು.

ಮಧ್ಯಾಹ್ನದ ಊಟ ಹಲಸೂರಿನಿಂದ ಬರುತ್ತಿತ್ತು. ಮನೆಯಲ್ಲಿ ತಮಿಳು ಮಾತಾಡುವ, ಅರವತ್ತು ದಾಟಿದ ಒಬ್ಬ ಹೆಂಗಸು, ನಮಗೆಲ್ಲ ಅಕ್ಕ, ದೊಡ್ಡ ಬುಟ್ಟಿ ಹಿಡಿದು ಮೆಟ್ರೋದಲ್ಲಿ ಒಂದೇ ಸ್ಟಾಪ್ ಬಂದು ಇಳಿಯುತ್ತಿದ್ದರು. ಚಿತ್ರಾನ್ನ, ಸಾಂಬಾರ್ ಅನ್ನ, ಎರಡು ಥರ ಪಲ್ಯ. ನಮ್ಮ ಲ್ಯಾಬು ಮತ್ತು ಅದೇ ಬೀದಿಯ ಎರಡು ಆಫೀಸು, ಇಷ್ಟೇ ಅವರ ಗಿರಾಕಿಗಳು. ಗಂಡನಿಲ್ಲದ ಮನೆ, ನರ್ಸಿಂಗ್ ಓದುವ ಮೊಮ್ಮಗಳು, ಎಲ್ಲ ನಡೆಯುತ್ತಿದ್ದುದು ಆ ಬುಟ್ಟಿಯಿಂದಲೇ. ಅಕ್ಕ ಯಾರಿಗೂ ಬಹುವಚನ ಕೊಡುವುದಿಲ್ಲ. ನಮ್ಮ ಬಾಸಿಗೂ "ಏನಪ್ಪಾ, ತಿಂದ್ಯಾ?" ಎಂದೇ ಕೇಳುವುದು.

ನಾನು ಮಾತ್ರ ಆರು ವರ್ಷದಲ್ಲಿ ಒಂದು ದಿನವೂ ಆ ಬುಟ್ಟಿಯಿಂದ ಉಂಡಿರಲಿಲ್ಲ. ಹೊರಗಿನದು ಮುಟ್ಟುವುದಿಲ್ಲ ಎನ್ನುವುದು ನನ್ನ ನಿಯಮ. ಅದರ ಬದಲು ಪ್ರತಿ ತಿಂಗಳ ಕೊನೆಯ ಶುಕ್ರವಾರ ಎಲ್ಲರಿಗೂ ನಾನೇ ಬಿರಿಯಾನಿ ಒಯ್ಯುತ್ತಿದ್ದೆ. ನಾನು ಶಿವಾಜಿನಗರದಲ್ಲಿ ಬೆಳೆದವಳು. ಮನೆಮಾತು ದಖನಿ, ಓದಿದ್ದು ಮನೆ ಹತ್ತಿರದ ಸರ್ಕಾರಿ ಕನ್ನಡ ಶಾಲೆ, ಜಗಳ ಎರಡರಲ್ಲೂ ಸಲೀಸು. ಈಗ ಅಮ್ಮಿಯ ಜೊತೆ ಕಮ್ಮನಹಳ್ಳಿಯಲ್ಲಿದ್ದೇನೆ. ಬಿರಿಯಾನಿಗಿಂತ ಹೆಸರಾದದ್ದು ನನ್ನ ರಾಯಿತ. ಈರುಳ್ಳಿಗೆ ಉಪ್ಪು ಹಾಕಿ ಬರಿಗೈಯಲ್ಲಿ ಚೆನ್ನಾಗಿ ಕಿವುಚಿ, ಪುದೀನ ಹರಿದು ಹಾಕಿ, ಮೊಸರನ್ನು ಕೈಯಲ್ಲೇ ಕಲಸಬೇಕು, ಚಮಚ ಸೋಕಿಸಬಾರದು ಎಂದು ಅಮ್ಮಿ ಕಲಿಸಿದ್ದು. ಬಿರಿಯಾನಿ ಮುಟ್ಟದ ಸಸ್ಯಾಹಾರಿಗಳೂ ರಾಯಿತವನ್ನು ಬಟ್ಟಲುಗಟ್ಟಲೆ ಬಡಿಸಿಕೊಳ್ಳುತ್ತಿದ್ದರು. ನನ್ನ ಕೈರುಚಿಯನ್ನು ಹೊಗಳಿದಾಗ ನಾನು ಬೇಡ ಎನ್ನುತ್ತಿರಲಿಲ್ಲ.

ಅಂಥ ಒಂದು ಶುಕ್ರವಾರ ಕಳೆದು ಎರಡು ವಾರಕ್ಕೆ ಲ್ಯಾಬಿನಲ್ಲಿ ಮೂವರು ಜ್ವರ ಬಂದು ಮಲಗಿದರು. ಲೆಕ್ಕಪತ್ರ ನೋಡುವವರು, ಒಬ್ಬ ಪಿಎಚ್.ಡಿ. ವಿದ್ಯಾರ್ಥಿನಿ, ಮೊಟ್ಟೆಯನ್ನೂ ತಿನ್ನದ ಒಬ್ಬ ಸೀನಿಯರ್. ಆಸ್ಪತ್ರೆಯ ರಿಪೋರ್ಟು ಬಂತು: ಮೂವರಿಗೂ ಟೈಫಾಯಿಡ್. ಆ ಶುಕ್ರವಾರ ದೆಹಲಿಯಲ್ಲಿದ್ದ ಬಾಸು ನನ್ನನ್ನು ಕರೆದು ಬಾಗಿಲು ಹಾಕಿದರು.

"ನಮ್ಮ ಬಾಟ್ಲಿಂದಾನೇ ಹೋಗಿದ್ಯೇನ್ರೀ?"

ಹಾಗೇನಾದರೂ ಆಗಿದ್ದರೆ ಲ್ಯಾಬಿಗೆ ಬೀಗ, ಬೀಗಕ್ಕೆ ಮೊದಲು ನಾನು ಮನೆಗೆ. "ಚಾನ್ಸೇ ಇಲ್ಲ ಸಾರ್" ಎಂದೆ. "ಊಟ ಸಾರ್. ಹೊರಗಿನ ಊಟ. ನೋಡಿ, ಆ ಬುಟ್ಟೀಲಿ ತಿನ್ನದೇ ಇರೋಳು ನಾನೊಬ್ಳೇ, ನಂಗೇನಾದ್ರೂ ಆಯ್ತಾ?"

ಅಲ್ಲಿಂದ ಕೈ ತೊಳೆದುಕೊಂಡು ಅಕ್ಕನ ಬೆನ್ನು ಹತ್ತಿದೆ. ಯಾರು ಯಾವ ದಿನ ಏನು ತಿಂದರು ಎಂದು ಕಂಪ್ಯೂಟರಿನಲ್ಲಿ ದೊಡ್ಡ ಪಟ್ಟಿ ಮಾಡಿದೆ. ಅಕ್ಕನ ಚಟ್ನಿಗೊಂದು ಕಾಲಂ, ಪಲ್ಯಕ್ಕೊಂದು ಕಾಲಂ, ಉಪ್ಪಿನಕಾಯಿಗೂ ಒಂದು. ನನ್ನ ಶುಕ್ರವಾರಕ್ಕೆ ಕಾಲಮ್ಮೇ ಇರಲಿಲ್ಲ. ಅದು ಹೊರಗಿನ ಊಟವಲ್ಲವಲ್ಲ! ಮೊಸರು ಕಂಡರೆ ಮೂಗು ಮುಚ್ಚಿಕೊಳ್ಳುವ ಸಹೋದ್ಯೋಗಿಯೊಬ್ಬಳು ಪಟ್ಟಿ ನೋಡಿ, "ನಾನೂ ದಿನಾ ಅಕ್ಕನ್ ಊಟಾನೇ ಮಾಡೋದು. ನಂಗ್ಯಾಕೆ ಬರ್ಲಿಲ್ಲ?" ಎಂದಳು. "ನಿಂದು ಗಟ್ಟಿ ಪಿಂಡ" ಎಂದು ಬಾಯಿ ಮುಚ್ಚಿಸಿದೆ. ಇಪ್ಪತ್ತು ವರ್ಷ ವಿಜ್ಞಾನ ಮಾಡಿದವಳು ಕೊಟ್ಟ ಉತ್ತರ ಇದು.

ಅಕ್ಕನನ್ನು ಸಿಂಕಿನ ಹತ್ತಿರ ಕರೆದು ಮೆತ್ತಗೆ ವಿಷಯ ಹೇಳಿದೆ. ಪರೀಕ್ಷೆಗೆ ಏನು ಬೇಕು ಎಂಬುದನ್ನು ಇನ್ನೂ ಮೆತ್ತಗೆ ಹೇಳಿದೆ. ಅಕ್ಕ ಅದನ್ನು ಇಡೀ ಬಂಗಲೆಗೆ ಕೇಳುವಂತೆ ವಾಪಸ್ಸು ಕೇಳಿದರು.

"ಕಕ್ಕಸ್ಸಾ? ಅದನ್ನ ಇಟ್ಕೊಂಡು ನೀನೇನ್ ಮಾಡ್ತೀಯಮ್ಮಾ?"

"ಟೆಸ್ಟ್ ಮಾಡ್ತೀವಿ ಅಕ್ಕಾ. ಬ್ಯಾಕ್ಟೀರಿಯ ದಿನಾ ಹೊರಗ್ ಬರಲ್ಲ, ಅದಕ್ಕೆ ಮೂರು ದಿನದ್ದು ಬೇಕು."

"ಅಯ್ಯೋ ಕಡವುಳೆ, ಇದಕ್ಕಾ ಇಷ್ಟೊಂದು ಓದಿದ್ದು?" ಆಮೇಲೆ ಅಕ್ಕನ ಮುಖ ಗಂಟಾಯಿತು. "ನನ್ ಅನ್ನ ತಿಂದು ಜ್ವರ ಅಂತೀಯಾ? ಸರಿ, ಕೊಡ್ತೀನಿ. ಆದ್ರೆ ನೀನೂ ಕೊಡ್ಬೇಕು. ನಾನೊಬ್ಳೇ ಯಾಕ್ ಕೊಡ್ಲಿ? ನಂದಲ್ಲ ಅಂತ ಬಂತೋ, ನೀನು ಕೂತು ಈ ಬುಟ್ಟೀದೇ ಊಟ ಮಾಡ್ಬೇಕು, ಆಯ್ತಾ?"

ನಾನು ಧಾರಾಳವಾಗಿ ಒಪ್ಪಿದೆ. ಹೇಗೂ ಹೋಲಿಸಿ ನೋಡಲು ಆರೋಗ್ಯವಂತರ ಮಾದರಿಯೊಂದು ಬೇಕೇ ಬೇಕಿತ್ತು. ಅಂಥ ಸಂದರ್ಭದಲ್ಲಿ ಲ್ಯಾಬಿನವರೇ ತಮ್ಮದನ್ನು ಕೊಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ನೀಲಿ ಮುಚ್ಚಳದ ಮೂರು ಡಬ್ಬಿ ಅಕ್ಕನಿಗೆ, ಮೂರು ನನಗೆ.

ಮೊದಲ ದಿನ ಅಕ್ಕ ಬಂದಾಗ ಸಿಟ್ಟು ನೆತ್ತಿಗೇರಿತ್ತು. ಮೆಟ್ರೋ ಸ್ಟೇಷನ್ನಿನಲ್ಲಿ ಚೀಲ ಯಂತ್ರದೊಳಗೆ ಹೋದಾಗ ಸೆಕ್ಯೂರಿಟಿ ಹೆಂಗಸು, ಆ ಪುಟ್ಟ ಡಬ್ಬಿಯಲ್ಲಿ ಏನು ಎಂದು ಕೇಳಿದಳಂತೆ. ಅಕ್ಕ ಸುಳ್ಳು ಹೇಳುವವರಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ, "ನಂಬಿಕೆ ಇಲ್ದಿದ್ರೆ ತೆಗ್ದು ನೋಡು" ಎಂದರಂತೆ. ಹಿಂದಿನ ಸಾಲು ಎರಡು ಮಾರು ಹಿಂದೆ ಸರಿಯಿತಂತೆ. ಮೂರನೇ ದಿನದ ಹೊತ್ತಿಗೆ ಆ ಹೆಂಗಸು ಅಕ್ಕನನ್ನು ದೂರದಿಂದಲೇ ಕಂಡು, ಹೋಗಿ ಹೋಗಿ ಎಂದು ಕೈಬೀಸಿಬಿಡುತ್ತಿದ್ದಳು.

ಪರೀಕ್ಷೆ ನಾನೇ ಮಾಡುವವಳಾದ್ದರಿಂದ ಪಕ್ಷಪಾತ ಆಗಬಾರದೆಂದು, ಡಬ್ಬಿಗಳಿಗೆ ನಂಬರು ಹಾಕುವ ಕೆಲಸವನ್ನು ಮೊಸರು ತಿನ್ನದವಳಿಗೆ ವಹಿಸಿದೆ. ಒಬ್ಬರದು ಒಂದು, ಇನ್ನೊಬ್ಬರದು ಎರಡು. ಯಾವುದು ಯಾರದು ಎಂದು ಬರೆದು ಅವಳು ಕವರಿಗೆ ಅಂಟು ಹಾಕಿ ಇಟ್ಟುಕೊಂಡಳು. ಎಲ್ಲವೂ ನಿಯಮದ ಪ್ರಕಾರ.

ಬ್ಯಾಕ್ಟೀರಿಯ ಬೆಳೆಸುವ ಪುಟ್ಟ ತಟ್ಟೆಗಳಿಗೆ ಹಾಕಿಟ್ಟೆ. ಒಂದನೇ ನಂಬರಿನ ತಟ್ಟೆಗಳಲ್ಲಿ ಏನೂ ಸಿಗಲಿಲ್ಲ. ಎರಡನೇ ನಂಬರಿನ ಕೆಂಪು ತಟ್ಟೆಯಲ್ಲಿ, ನಾವು ಇಷ್ಟು ವರ್ಷ ನೋಡಿ ನೋಡಿ ಕಣ್ಣಿಗೆ ಕಟ್ಟಿದ ಆ ಕಪ್ಪು ಚುಕ್ಕೆಗಳು ಎದ್ದಿದ್ದವು. ಪಿಸಿಆರ್ ಯಂತ್ರಕ್ಕೆ ಹಾಕಿದೆ, ಪರದೆಯ ಮೇಲೆ ಗೆರೆ ಜುಮ್ಮೆಂದು ಮೇಲೇರಿತು. ಟೈಫಾಯಿಡ್ಡೇ. ನನಗಾದ ಸಂತೋಷವನ್ನು ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಕವರು ಒಡೆಯಬೇಕೆಂದು ಹೊಳೆಯಲೂ ಇಲ್ಲ. ಒಡೆದು ನೋಡಲು ಅದರಲ್ಲಿ ಏನಿದೆ?

ಅಕ್ಕ ಆಗಷ್ಟೇ ಗೇಟಿನ ಹತ್ತಿರ ಬುಟ್ಟಿ ಇಳಿಸುತ್ತಿದ್ದರು. ಪಕ್ಕದ ಆಫೀಸುಗಳ ಹುಡುಗ ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು. ಅಲ್ಲೇ, ಎಲ್ಲರೆದುರಿಗೆ ಹೇಳಿದೆ: "ಅಕ್ಕಾ, ಪಾಸಿಟಿವ್ ಬಂದಿದೆ. ಟೈಫಾಯಿಡ್ ನಿಮ್ಮಿಂದಾನೇ. ಇನ್ಮೇಲೆ ಇಲ್ಲಿ ಊಟ ಕೊಡೋ ಹಾಗಿಲ್ಲ."

ತಟ್ಟೆಗಳು ಒಂದೊಂದಾಗಿ ಹಿಂದೆ ಸರಿದವು. ಜಗಳಕ್ಕೆ ಬರುತ್ತಾರೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅಕ್ಕ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಎತ್ತಿಕೊಂಡು, ಮೆಟ್ರೋ ಕಡೆಗೆ ನಡೆದರು. ಅಷ್ಟು ತುಂಬಿದ ಬುಟ್ಟಿ ವಾಪಸ್ಸು ಹೋದದ್ದನ್ನು ನಾನು ಅದೇ ಮೊದಲು ಕಂಡಿದ್ದು.

ಮೇಲೆ ಬಂದಾಗ ಮೊಸರು ತಿನ್ನದವಳು ಒಡೆದ ಕವರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ, ನಗು ತಡೆಯುತ್ತಿದ್ದಾಳೋ ಅಳು ತಡೆಯುತ್ತಿದ್ದಾಳೋ ತಿಳಿಯಲಿಲ್ಲ.

"ಮೇಡಂ, ಎರಡು ನೀವು."

ಮೊದಲು ಅವಳನ್ನು ಬೈದೆ. ಡಬ್ಬಿ ಅದಲು ಬದಲಾಗಿದೆ ಎಂದೆ. ಇನ್ನೊಮ್ಮೆ ಹೊಸದಾಗಿ ಕೊಟ್ಟು, ಅವಳ ಕೈಯಿಂದ ಪರೀಕ್ಷೆ ಮಾಡಿಸಿದೆ. ಗೆರೆ ಮತ್ತೆ ಜುಮ್ಮೆಂದು ಏರಿತು. ಬಾಸು ಆಸ್ಪತ್ರೆಯಿಂದ ಆ ಮೂವರ ಬ್ಯಾಕ್ಟೀರಿಯ ತರಿಸಿ, ನನ್ನದನ್ನೂ ಫ್ರೀಜರಿನದನ್ನೂ ಪಕ್ಕದಲ್ಲಿಟ್ಟು ಜೀನುಗಳನ್ನು ಪೂರ್ತಿ ಓದಿಸಿದರು. ಲಕ್ಷಾಂತರ ಅಕ್ಷರಗಳಲ್ಲಿ ಒಂದೆರಡು ಬಿಟ್ಟರೆ ಮೂವರದೂ ನನ್ನದೂ ಒಂದೇ. ಫ್ರೀಜರಿನದಕ್ಕೆ ಯಾವ ಸಂಬಂಧವೂ ಇರಲಿಲ್ಲ. ಅಂದರೆ ಲ್ಯಾಬಿನ ಸುರಕ್ಷತೆಯಲ್ಲಿ ನಾನು ಕೂದಲೆಳೆಯಷ್ಟೂ ಲೋಪ ಮಾಡಿರಲಿಲ್ಲ. ಬಾಟಲಿಯಲ್ಲಿದ್ದ ಬ್ಯಾಕ್ಟೀರಿಯ ಬಾಟಲಿಯಲ್ಲೇ ಇತ್ತು, ಹೊರಗೆ ಓಡಾಡಿಕೊಂಡಿದ್ದದ್ದು ನಾನು. ಇಂಗು ತಿಂದ ಮಂಗನಂತೆ ಕೂತಿದ್ದ ನನ್ನನ್ನು ನೋಡಿ ಬಾಸು ಸಮಾಧಾನಕ್ಕೆಂದು, "ನಮ್ಮ ಸ್ಟಡಿಗೆ ಒಳ್ಳೇ ಕ್ಯಾರಿಯರ್ ಸಿಕ್ರಿ ಬಿಡಿ" ಎಂದರು.

ಡಾಕ್ಟರು ಸ್ಕ್ಯಾನ್ ಮಾಡಿ ಪಿತ್ತಕೋಶದಲ್ಲಿ ಕಲ್ಲುಗಳಿವೆ, ಬ್ಯಾಕ್ಟೀರಿಯ ಅಲ್ಲೇ ಮನೆ ಮಾಡಿಕೊಂಡಿದೆ ಎಂದರು. ಒಂದು ತಿಂಗಳು ಮಾತ್ರೆ, ಆಮೇಲೆ ಆಪರೇಷನ್. ಅಲ್ಲಿಯವರೆಗೆ ಅಡುಗೆಮನೆಗೆ ಕಾಲಿಡಬಾರದು. ಅಮ್ಮಿಗೆ ಹೇಳಿದಾಗ ದಖನಿಯಲ್ಲಿ ಬಂದ ಮಾತು ಹೆಚ್ಚು ಕಡಿಮೆ ಹೀಗಿತ್ತು: "ಹನ್ನೆರಡು ವರ್ಷದವಳಿದ್ದಾಗ ಬಂದ ಜ್ವರ, ನಾನು ಗಂಜಿ ಕುಡಿಸಿ ಓಡಿಸಿದ್ದೆ. ನೀನು ಇಷ್ಟು ವರ್ಷ ಬಚ್ಚಿಟ್ಟುಕೊಂಡು ಕೂತಿದ್ದೀಯಾ?" ಅಮ್ಮಿಗೂ ಪರೀಕ್ಷೆ ಮಾಡಿದೆವು, ಏನೂ ಇರಲಿಲ್ಲ. ಅವಳಿಗೆ ಅದೊಂದು ಹೆಮ್ಮೆ.

ನಿಜ ಹೇಳಬೇಕೆಂದರೆ, ಲ್ಯಾಬಿನಲ್ಲಿ ಏಳು ಹಂತ ಮಾಡುವ ನಾನು ಮನೆಯಲ್ಲಿ, ಅದೂ ಶುಕ್ರವಾರ ಬೆಳಿಗ್ಗೆಯ ಅವಸರದಲ್ಲಿ, ನಲ್ಲಿಯ ಕೆಳಗೆ ಬೆರಳು ಒದ್ದೆ ಮಾಡಿಕೊಂಡರೆ ದೊಡ್ಡದು. ಅದೇ ಕೈ ಮೊಸರಿಗೆ. ಕೆಲವು ವರ್ಷದ ಹಿಂದೆ ರಂಜಾನ್ ಹಬ್ಬ ಮುಗಿದ ಮೇಲೆ ತಂಗಿಯ ಮಗಳಿಗೆ ಟೈಫಾಯಿಡ್ ಬಂದು ಒಣಗಿ ಕಡ್ಡಿಯಾಗಿದ್ದಳು. ಆಗ ನಾನು ಬೀದಿ ತುದಿಯ ಪಾನಿಪುರಿಯವನ ಗಾಡಿಯ ಮುಂದೆ ನಿಂತು ಕೂಗಾಡಿದ್ದೆ. ಆ ಗಾಡಿ ಈಗ ಅಲ್ಲಿಲ್ಲ. ಅದು ನನ್ನದೇ ರಾಯಿತವೋ ಅವನ ಪಾನಿಯೋ, ಇನ್ನು ತಿಳಿಯುವ ದಾರಿಯೂ ಇಲ್ಲ. ಇದನ್ನು ನೆನೆದಾಗ ನನಗೆ ನಗು ಬರುವುದಿಲ್ಲ.

ಸ್ಕ್ಯಾನು, ಮಾತ್ರೆಗೆಲ್ಲ ಮೊದಲು, ಎರಡನೇ ಪರೀಕ್ಷೆಯ ಫಲಿತಾಂಶ ಬಂದ ದಿನವೇ ಹಲಸೂರಿಗೆ ಹೋಗಿದ್ದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿ, ಒಂದು ಕೋಣೆಯ ಮನೆ. ಆ ಮಧ್ಯಾಹ್ನದ ಹೊತ್ತಿನಲ್ಲಿ ಅಕ್ಕ ಮನೆಯಲ್ಲಿದ್ದರು ಎಂಬುದೇ ಎಲ್ಲ ಹೇಳುತ್ತಿತ್ತು. ಪಕ್ಕದ ಎರಡು ಆಫೀಸಿನವರೂ ಬೇಡ ಎಂದಿದ್ದರು. ಬುಟ್ಟಿಯನ್ನು ಗೋಡೆ ಪಕ್ಕ ಬೋರಲು ಹಾಕಿದ್ದರು. ನಾನು ನಿಂತೇ ಎಲ್ಲ ಒಪ್ಪಿಸಿದೆ.

ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. "ಗೇಟಲ್ಲಿ ಎಲ್ರಿಗೂ ಕೇಳೋ ಹಾಗೆ ಹೇಳ್ದೆ ಅಲ್ವಾ? ಇದನ್ನೂ ಅಷ್ಟೇ ಜೋರಾಗಿ ಹೇಳು. ಆಮೇಲೆ ಬರ್ತೀನಿ."

ಮರುದಿನ ಊಟದ ಹೊತ್ತಿಗೆ ಎರಡೂ ಆಫೀಸಿಗೆ ಹೋದೆ. ಕಂಪ್ಯೂಟರುಗಳ ನಡುವೆ ನಿಂತು, "ಎಲ್ರೂ ಸ್ವಲ್ಪ ಕೇಳಿ. ಟೈಫಾಯಿಡ್ ಇರೋದು ಅಕ್ಕನಿಗಲ್ಲ, ನನಗೆ. ಅಕ್ಕನ ಊಟದಲ್ಲಿ ಏನೂ ತೊಂದರೆ ಇಲ್ಲ" ಎಂದೆ. ಅಷ್ಟೂ ಜನ ಕಾಲಿಗೆ ಚಕ್ರವಿರುವ ಆಫೀಸು ಕುರ್ಚಿಗಳಲ್ಲಿ ಕೂತಿದ್ದರಿಂದ ಹಿಂದೆ ಸರಿಯಲು ಅವರಿಗೆ ಅನುಕೂಲವಾಯಿತು. ಎರಡನೇ ಆಫೀಸಿನಲ್ಲಿ ಒಬ್ಬ, "ಮೇಡಂ, ಮಾಸ್ಕ್ ಹಾಕೊಳ್ಳಿ" ಎಂದ. ಅದು ಹಾಗೆ ಹರಡುವುದಿಲ್ಲ ಎಂದು ವಿವರಿಸಲು ಹೊರಟವಳು, ಪಾಠ ಸಾಕೆನಿಸಿ ಸುಮ್ಮನಾದೆ. ಕೊನೆಗೆ ಗೇಟಿನಲ್ಲಿ ನಿಂತು, ರಸ್ತೆಗೆ ಕೇಳುವಂತೆ ಇನ್ನೊಮ್ಮೆ ಹೇಳಿದೆ.

ಸೋಮವಾರ ಬುಟ್ಟಿ ಬಂತು. ಚಿತ್ರಾನ್ನದ ಪರಿಮಳಕ್ಕೆ ಪಕ್ಕದ ಆಫೀಸಿನವರು ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಬಂದರು. ನಾನು ನನ್ನ ಟೇಬಲ್ಲಿನಲ್ಲೇ ಕೂತಿದ್ದೆ. ಮಾತು ಕೊಟ್ಟಿದ್ದೆನಲ್ಲ, ಆದರೆ ಅಲ್ಲಿಗೆ ಹೋಗುವ ಮುಖವಿರಲಿಲ್ಲ. ಎಲ್ಲರಿಗೂ ಬಡಿಸಿಯಾದ ಮೇಲೆ ಅಕ್ಕನೇ ಒಂದು ತಟ್ಟೆ ಹಿಡಿದು ಮೇಲೆ ಬಂದರು.

"ಆರು ವರ್ಷ ಆಯ್ತು. ಒಂದಿನಾನೂ ನೀನು ತಟ್ಟೆ ಹಿಡ್ದಿಲ್ಲ. ಗೊತ್ತಿಲ್ಲ ಅಂದ್ಕೊಂಡ್ಯಾ? ದಿನಾ ಒಬ್ರದ್ದು ಜಾಸ್ತೀನೇ ತರ್ತಿದ್ದೆ. ಏಳು."

ಎದ್ದು ತಟ್ಟೆಗೆ ಕೈಚಾಚಿದೆ. ಅಕ್ಕ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ಸಿಂಕಿನ ಕಡೆ ಗದ್ದ ತೋರಿಸಿದರು. ನನ್ನದೇ ಪೋಸ್ಟರಿನ ಕೆಳಗೆ ನಿಂತು ಸೋಪು ಹಚ್ಚಿಕೊಂಡೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಪೋಸ್ಟರನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡುತ್ತ ಪಕ್ಕದಲ್ಲೇ ನಿಂತರು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದರಿಂದ ಏನು ಮಾಡುತ್ತಿದ್ದೇನೆಂದು ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ತೊಳೆದು ನಲ್ಲಿ ನಿಲ್ಲಿಸಿದೆ.

ಅಕ್ಕ ನಲ್ಲಿಯನ್ನು ಮತ್ತೆ ತಿರುಗಿಸಿದರು.

"ಹೆಬ್ಬೆರಳು ಬಿಟ್ಬಿಟ್ಟೆ" ಎಂದರು.